ಬಾಲವೆಂದುಕೊಂಡದ್ದು ತಲೆಯಾಗಿತ್ತು: ಚಾವಟಿ ಹುಳು ಮಾತ್ರೆಗೆ ಬಗ್ಗದಿರುವುದೇಕೆ?

1761ರಲ್ಲಿ ಜರ್ಮನಿಯ ಗಟಿಂಗೆನ್‌ನ ವೈದ್ಯ ರೋಡರರ್, ಮನುಷ್ಯನ ಕರುಳಿನಲ್ಲಿ ಸಿಕ್ಕ ಒಂದು ಹುಳುವಿಗೆ ‘ಟ್ರೈಕ್ಯೂರಿಸ್’ ಎಂದು ಹೆಸರಿಟ್ಟ. ಗ್ರೀಕ್‌ನಲ್ಲಿ ಹಾಗೆಂದರೆ ಕೂದಲ ಬಾಲ. ಮೂರರಿಂದ ಐದು ಸೆಂಟಿಮೀಟರ್ ಉದ್ದದ ಈ ಹುಳುವಿನ ಒಂದು ತುದಿ ದಪ್ಪ, ಉಳಿದ ಅರ್ಧಕ್ಕೂ ಹೆಚ್ಚು ಭಾಗ ದಾರದ ಎಳೆಯಷ್ಟು ತೆಳು. ದಪ್ಪಗಿರುವುದು ಮೈ, ತೆಳ್ಳಗಿರುವುದು ಬಾಲ ಎಂದು ಯಾರಿಗಾದರೂ ಅನ್ನಿಸುವಂಥದ್ದೇ. ನಿಜ ಮಾತ್ರ ತಿರುವುಮುರುವು. ಬಾಯಿ ಇರುವುದು ತೆಳ್ಳನೆಯ ತುದಿಯಲ್ಲಿ. ತಪ್ಪು ಗೊತ್ತಾದ ಮೇಲೆ ‘ಕೂದಲ ತಲೆ’ ಎಂಬ ಅರ್ಥ ಬರುವ ಟ್ರೈಕೊಸೆಫಾಲಸ್ ಎಂಬ ಹೆಸರನ್ನೂ ಸೂಚಿಸಿದರು. ಆದರೆ ಮೊದಲು ಇಟ್ಟ ಹೆಸರೇ ಊರ್ಜಿತ ಎನ್ನುವುದು ಪ್ರಾಣಿಶಾಸ್ತ್ರದ ಕಟ್ಟಳೆ. ತಪ್ಪು ಹೆಸರೇ ಉಳಿದುಕೊಂಡಿತು. ಕನ್ನಡದ ‘ಚಾವಟಿ ಹುಳು’ ಈ ಜಗಳದಿಂದ ಜಾಣತನದಿಂದ ತಪ್ಪಿಸಿಕೊಂಡಿದೆ. ಹಿಡಿ ಒಂದು ಕಡೆ, ಬಾರು ಒಂದು ಕಡೆ ಎಂದಷ್ಟೇ ಅದು ಹೇಳುತ್ತದೆ, ತಲೆ ಯಾವುದು ಎಂಬ ತಂಟೆಗೆ ಹೋಗುವುದಿಲ್ಲ.

ಇಷ್ಟು ಹಳೆಯ ಗೊಂದಲವನ್ನು ಈಗ ಎತ್ತಿದ್ದಕ್ಕೆ ಕಾರಣವಿದೆ. ಹಲವು ದೇಶಗಳಲ್ಲಿ ಶಾಲಾ ಮಕ್ಕಳಿಗೆ ವರ್ಷಕ್ಕೆ ಒಂದೋ ಎರಡೋ ಸಲ ಜಂತುಹುಳು ಮಾತ್ರೆ ಕೊಡುತ್ತಾರೆ. ಆ ಒಂದು ಮಾತ್ರೆ ದುಂಡುಹುಳುವನ್ನು ಚೆನ್ನಾಗಿ ಹೊರಹಾಕುತ್ತದೆ, ಕೊಕ್ಕೆಹುಳುವನ್ನು ತಕ್ಕಮಟ್ಟಿಗೆ ಹತೋಟಿಗೆ ತರುತ್ತದೆ. ಚಾವಟಿ ಹುಳುವಿನ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ. ಅದರ ಗುಟ್ಟಿನ ದೊಡ್ಡ ಪಾಲು ಇರುವುದು ಆ ತೆಳ್ಳನೆಯ ತಲೆಯಲ್ಲೇ.

ದುಂಡುಹುಳು ಸಣ್ಣ ಕರುಳಿನ ಟೊಳ್ಳಿನಲ್ಲಿ ಅಡ್ಡಾಡಿಕೊಂಡಿರುತ್ತದೆ. ಕೊಕ್ಕೆಹುಳು ಕರುಳಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ, ಸಾಕಾದಾಗ ಬಿಟ್ಟು ಬೇರೆ ಕಡೆ ಕಚ್ಚುತ್ತದೆ. ಚಾವಟಿ ಹುಳು ತನ್ನನ್ನು ತಾನೇ ಗೋಡೆಗೆ ಹೊಲಿದುಕೊಳ್ಳುತ್ತದೆ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವಲ್ಲಿ ಒಂದು ಚೀಲವಿದೆ, ಅಂಧನಾಳ ಎನ್ನುತ್ತಾರೆ. ಅಲ್ಲಿನ ಒಳಪೊರೆಯಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಂತಿರುವ ಜೀವಕೋಶಗಳ ನಡುಗೋಡೆಗಳನ್ನು ಒಡೆದು, ಹಲವು ಕೋಶಗಳನ್ನು ಒಂದಾಗಿಸಿ, ಹುಳು ಸುರಂಗ ಮಾಡಿಕೊಳ್ಳುತ್ತದೆ. ಆ ಸುರಂಗದಲ್ಲಿ ತಲೆಯ ಭಾಗವೆಲ್ಲ ಹುದುಗಿರುತ್ತದೆ. ಮೊಟ್ಟೆಯಿಡುವ ದಪ್ಪ ಹಿಂಭಾಗ ಮಾತ್ರ ಕರುಳಿನ ಟೊಳ್ಳಿಗೆ ಜೋತುಬಿದ್ದಿರುತ್ತದೆ. ಊಟ ಒಳಗಡೆ, ಹೆರಿಗೆ ಹೊರಗಡೆ.

ಹೆಣ್ಣು ಹುಳು ದಿನಕ್ಕೆ ಮೂರು ಸಾವಿರದಿಂದ ಇಪ್ಪತ್ತು ಸಾವಿರ ಮೊಟ್ಟೆ ಇಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿದವರು ಆ ಮೊಟ್ಟೆಯನ್ನು ಮರೆಯುವುದಿಲ್ಲ: ಪುಟ್ಟ ಪೀಪಾಯಿಯ ಆಕಾರ, ಎರಡೂ ತುದಿಗೆ ಬಿರಡೆ ಹಾಕಿದಂಥ ಪಾರದರ್ಶಕ ಗುಬುಟು. ಮಲದ ಜೊತೆ ಹೊರಬಿದ್ದ ಹೊಸ ಮೊಟ್ಟೆಯಿಂದ ಸೋಂಕು ತಗಲುವುದಿಲ್ಲ. ಬೆಚ್ಚಗಿನ, ಒದ್ದೆಯ, ನೆರಳಿನ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಕಳೆದು ಒಳಗೆ ಮರಿ ಬೆಳೆದ ಮೇಲೆಯೇ ಅದು ಅಪಾಯಕಾರಿ. ಮಣ್ಣು ಮೆತ್ತಿದ ಕೈಯಿಂದಲೋ ತೊಳೆಯದ ಸೊಪ್ಪು ತರಕಾರಿಯಿಂದಲೋ ಬಾಯಿಗೆ ಹೋದರೆ ಮುಂದಿನ ದಾರಿ ಸಲೀಸು. ದುಂಡುಹುಳುವಿನ ಮರಿಯ ಹಾಗೆ ಶ್ವಾಸಕೋಶ ಸುತ್ತಿಬರುವ ಉಸಾಬರಿ ಇದಕ್ಕಿಲ್ಲ. ಮೊಟ್ಟೆ ಒಡೆಯುವ ಕ್ರಮವಂತೂ ಬೆರಗು ಹುಟ್ಟಿಸುತ್ತದೆ. ಇಲಿಗಳ ಚಾವಟಿ ಹುಳುವಿನ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಕರುಳಿನ ಬ್ಯಾಕ್ಟೀರಿಯಾಗಳು ಬಿರಡೆಗೆ ಅಂಟಿಕೊಂಡಾಗಲೇ ಮೊಟ್ಟೆ ಬಿರಿಯುತ್ತದೆ. ತಲುಪಬೇಕಾದ ಜಾಗ ತಲುಪಿದ್ದೇನೆ ಎಂದು ಹುಳುವಿಗೆ ತಿಳಿಯುವುದು ಅಲ್ಲಿರುವ ನೆರೆಹೊರೆಯಿಂದ. ನುಂಗಿದ ದಿನದಿಂದ ಮೊದಲ ಮೊಟ್ಟೆಯವರೆಗೆ ಮನುಷ್ಯರಲ್ಲಿ ಸುಮಾರು 60ರಿಂದ 70 ದಿನ. ಆಮೇಲೆ ಒಂದು ವರ್ಷದ ಆಸುಪಾಸು ಬದುಕು.

ಇಲ್ಲೊಂದು ಮುಖ್ಯ ಸಂಗತಿಯಿದೆ, ಇದನ್ನು ಹಲವರು ತಪ್ಪಾಗಿ ತಿಳಿದಿರುತ್ತಾರೆ. ಈ ಹುಳು ಹೊಟ್ಟೆಯೊಳಗೆ ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ಐನೂರು ಹುಳುಗಳಿದ್ದರೆ ಕನಿಷ್ಠ ಐನೂರು ಮೊಟ್ಟೆ ಬಾಯಿಂದ ಹೋಗಿವೆ ಎಂದೇ ಅರ್ಥ. ಹಾಗಾಗಿ ‘ಸೋಂಕು ಇದೆಯೋ ಇಲ್ಲವೋ’ ಎನ್ನುವುದು ಅರ್ಧ ಪ್ರಶ್ನೆ. ಎಷ್ಟು ಹುಳುಗಳಿವೆ ಎನ್ನುವುದೇ ಪೂರ್ತಿ ಪ್ರಶ್ನೆ.

ಹತ್ತಿಪ್ಪತ್ತು ಹುಳುಗಳಿದ್ದವರಿಗೆ ಬಹುಪಾಲು ಏನೂ ಗೊತ್ತಾಗುವುದಿಲ್ಲ. ನೂರಾರು ಹುಳುಗಳಾದಾಗ ಚಿತ್ರ ಬದಲಾಗುತ್ತದೆ: ಹೊಟ್ಟೆನೋವು, ಲೋಳೆ ಮತ್ತು ರಕ್ತ ಬೆರೆತ ಭೇದಿ, ಮತ್ತೆ ಮತ್ತೆ ತಿಣುಕಬೇಕೆನಿಸುವುದು. ತೀರಾ ಹೆಚ್ಚಾದ ಮಕ್ಕಳಲ್ಲಿ ಗುದನಾಳ ಹೊರಗೆ ಜಾರುತ್ತದೆ, ಅದರ ಮೇಲೆ ಬಿಳಿ ದಾರಗಳಂತೆ ಹುಳುಗಳು ಕಣ್ಣಿಗೇ ಕಾಣುತ್ತವೆ. ತಿಂಗಳುಗಟ್ಟಲೆ ಹೀಗೇ ನಡೆದರೆ ರಕ್ತಹೀನತೆ, ಕುಂಠಿತ ಬೆಳವಣಿಗೆ, ಕಲಿಕೆಯಲ್ಲಿ ಹಿಂದೆ ಬೀಳುವುದು. ಒಂದು ಹುಳುವಿನಿಂದ ದಿನಕ್ಕೆ ಹೋಗುವ ರಕ್ತ 0.005 ಮಿಲಿಲೀಟರ್ ಎಂಬ ಹಳೆಯ ಅಳತೆಯೊಂದಿದೆ. ಒಂದಕ್ಕೆ ಲೆಕ್ಕಕ್ಕಿಲ್ಲ, ಎಂಟುನೂರಕ್ಕೆ ದಿನಕ್ಕೆ ನಾಲ್ಕು ಮಿಲಿಲೀಟರ್. ಮೊದಲೇ ಕಬ್ಬಿಣಾಂಶ ಸಾಲದ ಐದು ವರ್ಷದ ಮಗುವಿಗೆ ಅದು ಸಣ್ಣ ಬಾಬತ್ತಲ್ಲ.

2010ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 46 ಕೋಟಿ ಜನರ ಹೊಟ್ಟೆಯಲ್ಲಿ ಈ ಹುಳುವಿತ್ತು. ಅವರಲ್ಲಿ ಬಹುತೇಕರು ಹಗುರ ಸೋಂಕಿನವರು. ಹುಳುಗಳು ಜನರಲ್ಲಿ ಸಮನಾಗಿ ಹಂಚಿಹೋಗುವುದಿಲ್ಲ. ಕೆಲವೇ ಮಂದಿ, ಅದರಲ್ಲೂ ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳು, ಊರಿನ ಹುಳುಗಳಲ್ಲಿ ಹೆಚ್ಚಿನವನ್ನು ಹೊತ್ತಿರುತ್ತಾರೆ. ಔಷಧ ಯಾರಿಗೆ ಕೆಲಸ ಮಾಡಬೇಕು ಎಂದು ಕೇಳಿದರೆ, ಇವರಿಗೆ.

ಒಂದು ಮಾತ್ರೆ, ಮೂರು ಹುಳು

ಸಾಮೂಹಿಕ ಔಷಧ ವಿತರಣೆಯ ಬೆನ್ನೆಲುಬು ಎರಡು ಮಾತ್ರೆಗಳು: 400 ಮಿಲಿಗ್ರಾಂ ಆಲ್ಬೆಂಡಜೋಲ್, ಇಲ್ಲವೇ 500 ಮಿಲಿಗ್ರಾಂ ಮೆಬೆಂಡಜೋಲ್. ಎರಡೂ ಒಂದೇ ಬಾರಿ ನುಂಗುವಂಥವು. ಅಗ್ಗ, ಸುರಕ್ಷಿತ, ಶಾಲೆಯಲ್ಲಿ ಶಿಕ್ಷಕರೇ ಕೊಡಬಹುದು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ದುಂಡುಹುಳುವಿಗೆ ಎರಡೂ ಮಾತ್ರೆಗಳ ಗುಣ ಶೇ 95ರ ಆಸುಪಾಸು. ಚಾವಟಿ ಹುಳುವಿಗೆ ಆಲ್ಬೆಂಡಜೋಲ್ ಶೇ 31, ಮೆಬೆಂಡಜೋಲ್ ಶೇ 42. ಅದೂ ಎಲ್ಲ ಕಾಲದ ಸರಾಸರಿ. ಅದೇ ವಿಶ್ಲೇಷಣೆಯ ಲೆಕ್ಕದಲ್ಲಿ ಆಲ್ಬೆಂಡಜೋಲ್ 1995ರಲ್ಲಿ ಗುಣಪಡಿಸುತ್ತಿದ್ದದ್ದು ಶೇ 39ರಷ್ಟು ಮಂದಿಯನ್ನು, 2015ರಲ್ಲಿ ಶೇ 16ರಷ್ಟು.

ಹುಳುವಿಗೆ ಮದ್ದು ಒಗ್ಗಿಹೋಯಿತೇ? ಕುರಿಗಳ ಹೊಟ್ಟೆಹುಳುಗಳಲ್ಲಿ ಹಾಗಾಗಿದೆ, ಇದೇ ಕುಟುಂಬದ ಮದ್ದುಗಳಿಗೆ ಅವು ಲೋಕದ ಉದ್ದಗಲಕ್ಕೂ ಜಗ್ಗುತ್ತಿಲ್ಲ. ಆದ್ದರಿಂದ ಅನುಮಾನ ನ್ಯಾಯವಾದದ್ದೇ. ಆದರೆ ಚಾವಟಿ ಹುಳುವಿನ ವಿಷಯದಲ್ಲಿ ಇದನ್ನೇ ಪೂರ್ತಿ ಉತ್ತರವೆಂದು ಒಪ್ಪಲಾರೆ. ಈ ಮದ್ದು ಮೊದಲಿನಿಂದಲೂ ಇದರ ಮೇಲೆ ಮಂಕಾಗಿಯೇ ಇತ್ತು. ಹರಿತವಾಗಿದ್ದ ಕತ್ತಿ ಮೊಂಡಾದ ಕಥೆ ಇದಲ್ಲ. ನುಂಗಿದ ಮದ್ದಿನಲ್ಲಿ ರಕ್ತಕ್ಕೆ ಸೇರುವುದು ಕರುಳಿನ ಮೇಲ್ಭಾಗದಲ್ಲೇ ಸೇರಿಬಿಡುತ್ತದೆ, ಉಳಿದದ್ದು ಅಂಧನಾಳಕ್ಕೆ ಬರುವ ಹೊತ್ತಿಗೆ ತೆಳುವಾಗಿರುತ್ತದೆ. ಬಂದದ್ದಾದರೂ ಮುಟ್ಟುವುದು ಹೊರಗೆ ಜೋತುಬಿದ್ದ ಹಿಂಭಾಗವನ್ನು. ತಲೆ ಸುರಂಗದಲ್ಲಿ ಬೆಚ್ಚಗೆ ಇರುತ್ತದೆ. ಒಂದು ದಿನದ ಮದ್ದು ಕರುಳಿನ ಹರಿವಿನಲ್ಲಿ ಕೊಚ್ಚಿಹೋದ ಮೇಲೆ ಅದು ಚೇತರಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ರೋಗ ಖಚಿತವಾದ ವ್ಯಕ್ತಿಗೆ ವೈದ್ಯರು ಅದೇ ಮದ್ದನ್ನು ಮೂರು ದಿನ ಕೊಡುವುದು ಇದೇ ಕಾರಣಕ್ಕೆ. ಮೂರು ದಿನದ ಮದ್ದು ಕೆಲಸ ಮಾಡುತ್ತದೆಂದು ಎಲ್ಲರಿಗೂ ಗೊತ್ತು. ಕೋಟ್ಯಂತರ ಮಕ್ಕಳಿಗೆ ಮೂರು ದಿನ ಬಿಡದೆ ಮಾತ್ರೆ ನುಂಗಿಸುವುದು ಆಗಹೋಗುವ ಮಾತಲ್ಲ ಎಂದೂ ಗೊತ್ತು.

ಇದನ್ನು ಹಿಡಿದುಕೊಂಡು ಮಾತ್ರೆ ವಿತರಣೆಯೇ ದಂಡ ಎನ್ನುವವರಿದ್ದಾರೆ. ಆ ವಾದ ನನಗೆ ಹಿಡಿಸುವುದಿಲ್ಲ. ಗುಣವಾಗದಿದ್ದರೂ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ, ಭಾರೀ ಸೋಂಕು ಹಗುರವಾಗುತ್ತದೆ, ಮಗುವಿನ ಮಟ್ಟಿಗೆ ಅದೇ ದೊಡ್ಡ ಲಾಭ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟುಕೊಂಡ ಗುರಿಯೂ ಹುಳುವನ್ನು ನಿರ್ಮೂಲ ಮಾಡುವುದಲ್ಲ, ಮಧ್ಯಮ ಮತ್ತು ಭಾರೀ ಸೋಂಕನ್ನು ಶೇ 2ಕ್ಕಿಂತ ಕೆಳಗೆ ತರುವುದು. ಚಾವಟಿ ಹುಳುವಿಗೆ ಒಂದು ಗ್ರಾಂ ಮಲದಲ್ಲಿ ಸಾವಿರ ಮೊಟ್ಟೆ ದಾಟಿದರೆ ಮಧ್ಯಮ, ಹತ್ತು ಸಾವಿರ ದಾಟಿದರೆ ಭಾರೀ. ನನ್ನ ತಕರಾರು ಬೇರೆ. ಎಷ್ಟು ಮಾತ್ರೆ ಹಂಚಿದೆವು, ಶೇಕಡಾ ಎಷ್ಟು ಮಕ್ಕಳನ್ನು ತಲುಪಿದೆವು ಎಂಬ ಅಂಕಿಗಳಲ್ಲಿ ಮೂರೂ ಹುಳುಗಳನ್ನು ಒಂದೇ ಮೂಟೆ ಕಟ್ಟಿಬಿಡುತ್ತೇವೆ. ದುಂಡುಹುಳುವಿನ ಗೆಲುವಿನ ನೆರಳಿನಲ್ಲಿ ಚಾವಟಿ ಹುಳುವಿನ ಸೋಲು ಮರೆಯಾಗುತ್ತದೆ.

ಎಣಿಕೆಯ ವಿಧಾನವೂ ಈ ಮರೆಗೆ ನೆರವಾಗುತ್ತದೆ. ಕಾಟೋ-ಕಾಟ್ಜ್ ಪರೀಕ್ಷೆಯಲ್ಲಿ ನೋಡುವುದು 41.7 ಮಿಲಿಗ್ರಾಂ ಮಲವನ್ನು. ಕಂಡ ಮೊಟ್ಟೆಗಳನ್ನು 24ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. ಆ ಚಿಟಿಕೆಯಲ್ಲಿ ಒಂದೂ ಮೊಟ್ಟೆ ಕಾಣದಿದ್ದರೆ ಹುಳುವೇ ಇಲ್ಲವೆಂದಲ್ಲ. ಮಾತ್ರೆ ನುಂಗಿ ಸುಸ್ತಾದ ಹುಳು ಕೆಲದಿನ ಮೊಟ್ಟೆಯಿಡದೆ ಸುಮ್ಮನಿದ್ದರೂ ಲೆಕ್ಕದಲ್ಲಿ ಅದು ‘ಗುಣ’ವೇ.

ಪಶುವೈದ್ಯರಿಗೆ ಮೊದಲೇ ಗೊತ್ತಿದ್ದದ್ದು

ಚಾವಟಿ ಹುಳು ಮನುಷ್ಯನೊಬ್ಬನ ಸೊತ್ತಲ್ಲ. ಹಂದಿಯಲ್ಲಿ ಟ್ರೈಕ್ಯೂರಿಸ್ ಸುಯಿಸ್, ನಾಯಿಯಲ್ಲಿ ಟ್ರೈಕ್ಯೂರಿಸ್ ವಲ್ಪಿಸ್, ಕುರಿ ಮೇಕೆಗಳಲ್ಲಿ ಓವಿಸ್, ದನಗಳಲ್ಲಿ ಡಿಸ್‌ಕಲರ್, ಇಲಿಯಲ್ಲಿ ಮ್ಯೂರಿಸ್. ಬೆಕ್ಕಿನಲ್ಲಿ ಅಪರೂಪ. ದನ, ಕುರಿಗಳಲ್ಲಿ ಸಾಮಾನ್ಯವಾಗಿ ಕಿರಿಕಿರಿಯ ಮಟ್ಟದಲ್ಲೇ ನಿಲ್ಲುತ್ತದೆ. ಹಂದಿಮರಿಗಳಲ್ಲಿ ರಕ್ತಭೇದಿಯಾಗಿ ತೂಕ ಇಳಿಯುತ್ತದೆ, ಸಾವೂ ಉಂಟು.

ನಾಯಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮನುಷ್ಯರ ವೈದ್ಯದಲ್ಲಿ ಮಸುಕಾಗಿರುವುದೆಲ್ಲ ಇಲ್ಲಿ ನಿಚ್ಚಳವಾಗಿದೆ. ನಾಯಿಯ ಹುಳು ಮೊಟ್ಟೆಯಿಡಲು ಹತ್ತಿರಹತ್ತಿರ ಮೂರು ತಿಂಗಳು ಬೇಕು. ಅಷ್ಟರೊಳಗೇ ಭೇದಿ ಶುರುವಾಗಿರಬಹುದು, ಮಲ ಪರೀಕ್ಷೆಯಲ್ಲಿ ಮಾತ್ರ ಏನೂ ಸಿಗದು. ಮೊಟ್ಟೆ ಇಡಲು ಶುರುಮಾಡಿದ ಮೇಲೂ ದಿನಾ ಒಂದೇ ಸಮ ಬರುವುದಿಲ್ಲ. ಭಾರೀ ಸೋಂಕಿನ ಕೆಲವು ನಾಯಿಗಳಲ್ಲಿ ರಕ್ತದ ಸೋಡಿಯಂ ಕುಸಿದು ಪೊಟ್ಯಾಸಿಯಂ ಏರುತ್ತದೆ. ಅಡ್ರಿನಲ್ ಗ್ರಂಥಿ ಸೋತಾಗ ಬರುವ ಅಡಿಸನ್ ಕಾಯಿಲೆಯನ್ನು ಥೇಟು ಹೋಲುವ ಚಿತ್ರ. ಗ್ರಂಥಿ ಚೆನ್ನಾಗಿಯೇ ಇರುತ್ತದೆ, ಹುಳು ಹೋದರೆ ಎಲ್ಲ ಸರಿಹೋಗುತ್ತದೆ. ಆದ್ದರಿಂದ ಇಂಥ ನಾಯಿಗೆ ಮಲ ಪರೀಕ್ಷೆ ಶುದ್ಧವೆಂದು ಬಂದರೂ ಪಶುವೈದ್ಯರು ಹುಳುವಿನ ಮದ್ದು ಕೊಟ್ಟೇ ನೋಡುತ್ತಾರೆ. ಕೊಡುವ ರೀತಿ ಗಮನಿಸಿ: ಫೆನ್‌ಬೆಂಡಜೋಲ್ ಸತತ ಮೂರು ದಿನ, ಮೂರು ವಾರ ಬಿಟ್ಟು ಮತ್ತೆ, ಮೂರು ತಿಂಗಳಿಗೆ ಮತ್ತೆ. ಮೊದಲ ಸಲ ತಪ್ಪಿಸಿಕೊಂಡ ಎಳೆಯ ಹುಳುಗಳನ್ನು ಎರಡನೆಯದು, ಅಂಗಳದ ಮಣ್ಣಿನಿಂದ ಮತ್ತೆ ಹತ್ತಿದವನ್ನು ಮೂರನೆಯದು ಹಿಡಿಯಲಿ ಎಂದು. ನಾಯಿಗೆ ಮೂರು ಸರದಿ, ಮಗುವಿಗೆ ಒಂದು ಮಾತ್ರೆ. ನಾಯಿಯ ಹಿಂದೆ ಒಬ್ಬ ಯಜಮಾನನಿದ್ದಾನೆ, ಮಗುವಿನ ಹಿಂದೆ ಒಂದು ಇಡೀ ಜಿಲ್ಲೆಯ ಪಟ್ಟಿಯಿದೆ ಎನ್ನುವುದು ಇದಕ್ಕೆ ಸಮಾಧಾನ ಹೇಳಬಹುದೇ ಹೊರತು ಹುಳುವಿಗೆ ಆ ವ್ಯತ್ಯಾಸ ತಿಳಿಯದು.

ಮನುಷ್ಯನ ಹುಳುಮದ್ದುಗಳೂ ಬಹುಪಾಲು ಕೊಟ್ಟಿಗೆಯಿಂದ ಬಂದವೇ. ಆಲ್ಬೆಂಡಜೋಲ್ ಮೊದಲು ಜಾನುವಾರು ಮದ್ದು. ಸಾತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್‌ಗೆ 2015ರ ನೊಬೆಲ್ ತಂದ ಐವರ್‌ಮೆಕ್ಟಿನ್ ಕೂಡ ಹಾಗೆಯೇ. ಆ ಮಾರುಕಟ್ಟೆಗೆ ಬೇಕಾಗಿದ್ದದ್ದು ಕುರಿ ದನಗಳ ಜಠರದ ಹುಳುಗಳನ್ನು ಕೊಲ್ಲುವ ಮದ್ದು, ಅಂಧನಾಳದ ಚಾವಟಿ ಹುಳು ಯಾರ ಪಟ್ಟಿಯಲ್ಲೂ ಮೇಲಿರಲಿಲ್ಲ. ಇಂದಿನ ಸೋಲಿನ ಒಂದು ಬೇರು ಅಲ್ಲಿದೆ ಎಂದು ನನಗನ್ನಿಸುತ್ತದೆ. ಹೊಸ ಆಸೆಯೂ ಅದೇ ಬಾಗಿಲಿನಿಂದ ಬರುತ್ತಿದೆ. ಕ್ಯಾಮೆಲಿಯಾ ಗಿಡದ ಎಲೆಯ ಮೇಲೆ ಸಿಕ್ಕ ಶಿಲೀಂಧ್ರವೊಂದರ ರಾಸಾಯನಿಕದಿಂದ ರೂಪಿಸಿದ ಎಮೋಡೆಪ್ಸೈಡ್, ಬೆಕ್ಕು ನಾಯಿಗಳಿಗೆ ಕೊಡುವ ಮದ್ದು. ಟಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಮನುಷ್ಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬರೀ 5 ಮಿಲಿಗ್ರಾಂ ಸುಮಾರು ಶೇ 85 ಮಂದಿಯ ಚಾವಟಿ ಹುಳುವನ್ನು ತೆಗೆಯಿತು. ಆಲ್ಬೆಂಡಜೋಲ್ ತೆಗೆದದ್ದು ಶೇ 17. ಮದ್ದೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ಶೇ 10ರಷ್ಟು ಮಂದಿಯಲ್ಲಿ ಮೊಟ್ಟೆ ಕಾಣಲಿಲ್ಲ. ಆಲ್ಬೆಂಡಜೋಲ್‌ನ ಹದಿನೇಳರಲ್ಲಿ ಮದ್ದಿನ ಪಾಲೆಷ್ಟು, ಎಣಿಕೆಯ ಕಣ್ತಪ್ಪಿನ ಪಾಲೆಷ್ಟು ಎಂಬುದನ್ನು ಆ ಹತ್ತು ಸೂಚಿಸುತ್ತದೆ.

ಹಂದಿಯ ಹುಳುವಿನ ಇನ್ನೊಂದು ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅತಿ ಶುಚಿಯಾದ ಬದುಕಿನಿಂದ ದೇಹದ ರಕ್ಷಣಾ ವ್ಯವಸ್ಥೆ ಹಾದಿತಪ್ಪಿ ತನ್ನ ಮೇಲೇ ಎರಗುತ್ತಿದೆ, ಹುಳುಗಳು ಅದನ್ನು ಹದಕ್ಕೆ ತರಬಹುದು ಎಂಬ ತರ್ಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡ ಕ್ರೋನ್ಸ್ ಎಂಬ ಕರುಳುರಿತದ ರೋಗಿಗಳಿಗೆ ಮೂರು ವಾರಕ್ಕೊಮ್ಮೆ 2,500 ಹಂದಿಹುಳುವಿನ ಮೊಟ್ಟೆಗಳನ್ನು ಕುಡಿಸಿತು. 2005ರಲ್ಲಿ ಬಂದ ಫಲಿತಾಂಶ ಅಚ್ಚರಿಯದಾಗಿತ್ತು: 29 ಜನರಲ್ಲಿ ಹೆಚ್ಚಿನವರು ಚೇತರಿಸಿಕೊಂಡಿದ್ದರು. ಆದರೆ ಆ ಪ್ರಯೋಗದಲ್ಲಿ ಹೋಲಿಕೆಗೆ ಹುಸಿಮದ್ದಿನ ಗುಂಪು ಇರಲಿಲ್ಲ. ಮುಂದೆ ಅಂಥ ಗುಂಪು ಇಟ್ಟುಕೊಂಡು ಕ್ರೋನ್ಸ್ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಗುಣ ಕಾಣಲಿಲ್ಲ. ಹುಳುಮೊಟ್ಟೆಯನ್ನು ಅಮೃತವೆಂದು ಹೊಗಳುವ ಬರಹಗಳು ಇವತ್ತಿಗೂ ಮೊದಲ ಫಲಿತಾಂಶವನ್ನಷ್ಟೇ ಎತ್ತಿ ಹೇಳುತ್ತವೆ.

ಒಂದೇ ಹುಳುವೆಂದು ಯಾರು ಹೇಳಿದ್ದು?

ಆಲ್ಬೆಂಡಜೋಲ್ ಜೊತೆ ಐವರ್‌ಮೆಕ್ಟಿನ್ ಸೇರಿಸಿ ಕೊಟ್ಟರೆ ಫಲ ಚೆನ್ನಾಗಿರುತ್ತದೆ ಎಂಬ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. ಮೂರು ದೇಶಗಳಲ್ಲಿ ಒಂದೇ ಮಾದರಿಯಲ್ಲಿ ಇದನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ಲಾವೋಸ್‌ನಲ್ಲಿ ಜೋಡಿಮದ್ದು ಶೇ 66 ಮಂದಿಯನ್ನು ಗುಣಪಡಿಸಿತ್ತು, ಪೆಂಬಾದಲ್ಲಿ ಶೇ 49. ಎರಡೂ ಕಡೆ ಆಲ್ಬೆಂಡಜೋಲ್ ಒಂದನ್ನೇ ಪಡೆದವರಲ್ಲಿ ಶೇ 10 ಕೂಡ ದಾಟಿರಲಿಲ್ಲ. ಪಶ್ಚಿಮ ಆಫ್ರಿಕಾದ ಕೋಟ್ ಡಿವೋರ್‌ನಲ್ಲಿ ಮಾತ್ರ ಜೋಡಿಮದ್ದಿಗೆ ಶೇ 14, ಒಂಟಿಮದ್ದಿಗೆ ಶೇ 10. ಅದೇ ಮದ್ದು, ಅದೇ ಪ್ರಮಾಣ, ಸೂಕ್ಷ್ಮದರ್ಶಕದಲ್ಲಿ ಅದೇ ಪೀಪಾಯಿ ಮೊಟ್ಟೆ.

ಕೋಟ್ ಡಿವೋರ್‌ನ ಹುಳುಗಳ ಡಿಎನ್‌ಎ ಓದಿದಾಗ ಕಾರಣದ ಎಳೆ ಸಿಕ್ಕಿತು. ಅವು ಇಷ್ಟು ಕಾಲ ನಾವು ‘ಮನುಷ್ಯನ ಚಾವಟಿ ಹುಳು’ ಎಂದು ಓದಿಕೊಂಡು ಬಂದ ಟ್ರೈಕ್ಯೂರಿಸ್ ಟ್ರೈಕ್ಯೂರಾ ಅಲ್ಲವೇ ಅಲ್ಲ. ವಂಶಾವಳಿಯಲ್ಲಿ ಹಂದಿಯ ಹುಳುವಿಗೆ ಹತ್ತಿರವಿರುವ ಬೇರೆಯದೇ ಜಾತಿ. ಗುರುತು ಮರೆಸಿಕೊಂಡದ್ದು ಎಂಬ ಅರ್ಥದಲ್ಲಿ ಅದಕ್ಕೆ ಟ್ರೈಕ್ಯೂರಿಸ್ ಇನ್‌ಕಾಗ್ನಿಟಾ ಎಂದು ಹೆಸರಿಟ್ಟರು. ಈ ಸಲದ ಹೆಸರು ಸರಿಯಾಗಿದೆ.

ಇದರಿಂದ ಎದ್ದ ಪ್ರಶ್ನೆಗಳು ಸಣ್ಣವಲ್ಲ. ಮಲದಲ್ಲಿ ಪೀಪಾಯಿ ಮೊಟ್ಟೆ ಕಂಡಾಗಲೆಲ್ಲ ಒಂದೇ ಜಾತಿಯ ಹೆಸರು ಬರೆದುಕೊಂಡು ಬಂದ ದಶಕಗಳ ದಾಖಲೆಗಳಲ್ಲಿ ಯಾವ ಹುಳು ಎಷ್ಟಿತ್ತು? ಪ್ರಾಣಿಗಳಿಂದ ಮನುಷ್ಯರಿಗೆ ದಾಟುವುದರ ಪಾಲೆಷ್ಟು? ಹಂದಿಯ ಹುಳು ಮನುಷ್ಯನಲ್ಲಿ ಬೇರೂರಬಲ್ಲದು ಎಂಬುದಕ್ಕೆ ಪುರಾವೆಗಳಿವೆ. ನಾಯಿಯ ಹುಳು ಮನುಷ್ಯರಲ್ಲಿ ಸಿಕ್ಕಿದೆ ಎನ್ನುವ ವರದಿಗಳು ಹೆಚ್ಚಾಗಿ ಮೊಟ್ಟೆಯ ಗಾತ್ರವನ್ನು ನಂಬಿಕೊಂಡವು. ನಾಯಿಯದು ದೊಡ್ಡದು, ಮನುಷ್ಯನದು ಚಿಕ್ಕದು. ಆದರೆ ಮನುಷ್ಯನ ಹುಳುವೂ ಒಮ್ಮೊಮ್ಮೆ ದೊಡ್ಡ ಮೊಟ್ಟೆ ಇಡುವುದರಿಂದ ಆ ಪುರಾವೆ ಗಟ್ಟಿಯಾಗಿ ನಿಲ್ಲುವುದಿಲ್ಲ. ನಾಯಿ ಸಾಕಿದವರು ಗಾಬರಿಪಡುವಂಥದ್ದೇನೂ ಇಲ್ಲ. ನಾಯಿಯ ಮಲವನ್ನು ಬೇಗ ಬಳಿದು ತೆಗೆದರೆ ಮೊಟ್ಟೆಗೆ ಮರಿಯಾಗುವ ವ್ಯವಧಾನವೇ ಸಿಗುವುದಿಲ್ಲ.

ಆಲ್ಬೆಂಡಜೋಲ್, ಐವರ್‌ಮೆಕ್ಟಿನ್ ಎರಡೂ ಒಂದೇ ಗುಳಿಗೆಯಲ್ಲಿರುವ ಹೊಸ ಮಾತ್ರೆಗೆ 2025ರ ಆರಂಭದಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆಯ ಅಭಿಪ್ರಾಯ ಕೊಟ್ಟಿತು. ಇಥಿಯೋಪಿಯಾ, ಕೀನ್ಯಾ, ಮೊಜಾಂಬಿಕ್‌ಗಳ ಮಕ್ಕಳಲ್ಲಿ ಅದರ ಒಂದೇ ಸರದಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯನ್ನು ಗುಣಪಡಿಸಿತು, ಮೂರು ದಿನ ಕೊಟ್ಟಲ್ಲಿ ಬಹುತೇಕ ಎಲ್ಲರನ್ನೂ. ಒಳ್ಳೆಯ ಸುದ್ದಿಯೇ. ಆದರೆ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಐವರ್‌ಮೆಕ್ಟಿನ್ ಕೊಡುವ ವಾಡಿಕೆಯಿಲ್ಲ, ಮಣ್ಣಿನಲ್ಲಿ ಅತಿಹೆಚ್ಚು ಹೊರಳಾಡುವವರೂ ಅವರೇ. ಇನ್‌ಕಾಗ್ನಿಟಾ ಇರುವ ಊರಿನಲ್ಲಿ ಈ ಜೋಡಿ ಎಷ್ಟು ದೂರ ಹೋದೀತು ಎಂಬುದಕ್ಕೆ ಕೋಟ್ ಡಿವೋರ್‌ನ ಅಂಕಿಗಳು ಕಣ್ಣ ಮುಂದಿವೆ. ಯಾವ ಊರಿನಲ್ಲಿ ಯಾವ ಹುಳು ಎಂದು ಡಿಎನ್‌ಎ ನೋಡಿ ತಿಳಿದುಕೊಳ್ಳದೆ ಮಾತ್ರೆ ಸಾಗಿಸಿದರೆ, ಹತ್ತು ವರ್ಷ ಕಳೆದ ಮೇಲೆ ‘ಮದ್ದಿಗೆ ಹುಳು ಒಗ್ಗಿತು’ ಎಂದು ಇನ್ನೊಂದು ತಪ್ಪು ನಿರ್ಣಯಕ್ಕೆ ಬಂದೇವು.

ಮಾತ್ರೆಗಿಂತ ಮೊದಲೇ ಈ ಹುಳುವನ್ನು ಕಳಕೊಂಡ ನಾಡುಗಳೂ ಇವೆ. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ, 5,300 ವರ್ಷ ಹಿಂದಿನ ಓಟ್ಜಿ ಎಂಬ ಮನುಷ್ಯನ ಶವದ ಕರುಳಿನಲ್ಲಿ ಚಾವಟಿ ಹುಳುವಿನ ಮೊಟ್ಟೆಗಳಿದ್ದವು. ಡೆನ್ಮಾರ್ಕಿನ ವಿಬೋರ್ಗ್‌ನಲ್ಲಿ ಸಾವಿರ ವರ್ಷದ ಹಳೆಯ ಪಾಯಿಖಾನೆ ಗುಂಡಿಗಳಿಂದ ತೆಗೆದ ಮೊಟ್ಟೆಗಳ ಜೀನೋಮನ್ನೇ 2022ರಲ್ಲಿ ಓದಿದ್ದಾರೆ. ಹುಳು ಆಫ್ರಿಕಾದಿಂದ ಮನುಷ್ಯನ ಬೆನ್ನುಹತ್ತಿ ಲೋಕ ಸುತ್ತಿದ ಹಾದಿ ಅದರಲ್ಲಿ ಕಾಣುತ್ತದೆ. ಅಷ್ಟು ಬೇರೂರಿದ್ದ ಹುಳು ಯುರೋಪಿನ ಹೆಚ್ಚಿನ ಕಡೆ ಮಾಯವಾದದ್ದು ಮೆಬೆಂಡಜೋಲ್ ಹುಟ್ಟುವ ಮುಂಚೆ, ಮಲ ಮಣ್ಣು ಸೇರುವುದು ನಿಂತದ್ದರಿಂದ. ದಕ್ಷಿಣ ಕೊರಿಯಾದಲ್ಲಿ ಮಾತ್ರೆ, ಮಲ ಪರೀಕ್ಷೆ, ಶೌಚಾಲಯ ಮೂರೂ ಒಟ್ಟಿಗೆ ನಡೆದವು. 1971ರ ಸಮೀಕ್ಷೆಯಲ್ಲಿ ಶೇ 65 ಜನರಲ್ಲಿದ್ದ ಚಾವಟಿ ಹುಳು ಎರಡು ದಶಕದಲ್ಲಿ ಶೇ 1ಕ್ಕಿಂತ ಕೆಳಗಿಳಿಯಿತು. ನೆರಳಿನ ತೇವದ ಮಣ್ಣಿನಲ್ಲಿ ಮೊಟ್ಟೆ ವರ್ಷಗಟ್ಟಲೆ ಕಾದಿರಬಲ್ಲದು. ಮಾತ್ರೆ ನುಂಗಿದ ಮಗು ಸಂಜೆ ಆಡಲು ಇಳಿಯುವುದು ಅದೇ ಮಣ್ಣಿಗೆ.